ಎಲ್ಲಿ ಕಟ್ಟಿಕೊಂಡಿದೆ ಅಂತ ಮೊದಲು ನೋಡಿ

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ, ಭಾನುವಾರದ ಬೆಳಗಿನ ಕೂಟದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ಆಡಿದ ಹಾಗೇ, ಅಲ್ಲಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ. ಮೇಜಿನ ಮೇಲಿಟ್ಟು ತೋರಿಸಿದ ಸಾಮಾನನ್ನು ಓದುವವರು ಊಹಿಸಿಕೊಳ್ಳಬೇಕು.)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರೋದನ್ನ ನೋಡಿ ಮುಂದಿನ ಸಾಲಿನಲ್ಲಿ ಒಬ್ಬರು ಸೆರಗು ಮೂಗಿಗೆ ಹಿಡಿದುಕೊಂಡ್ರು. ಹೆದರಬೇಡಿ, ಎಲ್ಲಾ ಸೋಪು ಹಾಕಿ ತೊಳೆದು, ಎರಡು ದಿನ ಬಿಸಿಲಿಗೆ ಇಟ್ಟು ತಂದಿದೀನಿ. ಇದು ವಾಷ್‌ಬೇಸಿನ್ ಕೆಳಗಿರೋ ಬಾಟಲ್ ಟ್ರ್ಯಾಪ್. ಇದು ಬಚ್ಚಲಿನ ನೆಲದ ಜಾಲಿ, ಅದರ ಕೆಳಗೆ ಕೂರೋ ನಹಾನಿ ಟ್ರ್ಯಾಪ್. ಇದು ರಬ್ಬರ್ ಪಂಪು. ಇದು ಪೈಪಿನೊಳಗೆ ಬಿಟ್ಟು ಕಸ ಬಿಡಿಸೋ ಉದ್ದನೆ ಸ್ಪ್ರಿಂಗು. ಆ ಬಾಟಲಿಯಲ್ಲಿರೋದು ಬಟ್ಟೆಗೆ ಹಾಕೋ ನೀಲಿ. ಅದು ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ನಾನು ಪ್ಲಂಬರ್ ಅಲ್ಲ, ಎಂಜಿನಿಯರೂ ಅಲ್ಲ. 31 ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವಳು. ಈ ವಿದ್ಯೆ ಹತ್ತಿದ್ದು ನಮ್ಮ ಮನೆಗೆ ಬರ್ತಿದ್ದ ಒಬ್ಬ ಮೇಸ್ತ್ರಿಯಿಂದ. ಅವರ ಊರು ಒಡಿಶಾದ ಕೇಂದ್ರಾಪಾಡಾ ಜಿಲ್ಲೆ, ಪಟ್ಟಾಮುಂಡೈ ಕಡೆ. ದೇಶದ ಯಾವ ದೊಡ್ಡ ಊರಿಗೆ ಹೋದರೂ ಆ ಕಡೆಯ ಪ್ಲಂಬರ್‌ಗಳು ಸಿಗ್ತಾರೆ. ಹೋಟೆಲು ಅಂದ್ರೆ ನಮ್ಮಲ್ಲಿ ಉಡುಪಿ ಕಡೆಯವರು ಹೇಗೋ, ಪೈಪು ಅಂದ್ರೆ ಅವರು ಹಾಗೆ. ಅವರು ಮನೆಗೆ ಬಂದ ತಕ್ಷಣ ಚೀಲ ಕೆಳಗಿಟ್ಟು ಸುಮ್ನೆ ಓಡಾಡೋರು. ಒಂದೊಂದು ನಲ್ಲಿ ತಿರುಗಿಸೋರು, ಒಂದೊಂದು ಜಾಲಿಯ ಹತ್ರ ಕುಕ್ಕರುಗಾಲಲ್ಲಿ ಕೂತು ಕಿವಿ ಕೊಡೋರು. ನನಗೆ ಮೊದಮೊದಲು ಸಿಟ್ಟು ಬರ್ತಿತ್ತು, ಗಂಟೆ ಲೆಕ್ಕದಲ್ಲಿ ದುಡ್ಡು ಕೀಳೋಕೆ ಈ ನಾಟಕ ಅಂತ. ಒಂದು ದಿನ ಕೇಳೇಬಿಟ್ಟೆ. ಅವರ ಅರೆಬರೆ ಕನ್ನಡದಲ್ಲಿ ಹೇಳಿದ್ರು: "ಮೇಡಂ, ಎಲ್ಲಿ ಬ್ಲಾಕು ಮೊದ್ಲು ನೋಡ್ಬೇಕು. ಕೈ ಆಮೇಲೆ."

ಇವತ್ತು ನಾನು ಹೇಳೋದು ಅಷ್ಟೇ. ಉಳಿದದ್ದೆಲ್ಲ ಅದರ ವಿಸ್ತಾರ.

ನಮ್ಮಜ್ಜಿ ಮನೇಲಿ ಬಚ್ಚಲು ಕಟ್ಟಿಕೊಂಡು ಯಾರನ್ನೋ ಕರೆಸಿದ್ದು ನನಗೆ ನೆನಪಿಲ್ಲ. ಹಂಡೆ ಒಲೆ, ಪಕ್ಕದಲ್ಲಿ ಕಲ್ಲುಚಪ್ಪಡಿ, ಗೋಡೆ ಬುಡದಲ್ಲಿ ಒಂದು ತೂಬು. ನೀರು ತೂಬಿನಿಂದ ನೇರ ಹಿತ್ತಲಿಗೆ ಹೋಗಿ ಬಾಳೆ ಬುಡ, ಕೆಸುವಿನ ಮಡಿ ಸೇರ್ತಿತ್ತು. ಕಟ್ಟಿಕೊಂಡ್ರೆ ಹೊರಗಿನಿಂದ ಒಂದು ಕೋಲು ಹಾಕಿ ತಿವಿದ್ರೆ ಮುಗೀತು. ಬಚ್ಚಲ ರೊಚ್ಚು ವಾಸನೆ ಹೊಡೀತಿತ್ತು ನಿಜ, ಆದ್ರೆ ಅದು ಹಿತ್ತಲಲ್ಲಿ ಹೊಡೀತಿತ್ತು. ನಮ್ಮ ಹಳೇ ಮೈಸೂರಿನ ಬೀದಿಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಬಿಟ್ಟಿದ್ದೂ ಇದೇ ಲೆಕ್ಕದಲ್ಲಿ, ಗಲೀಜಿನ ವ್ಯವಹಾರ ಮನೆಯ ಹಿಂದೆ ಇರಲಿ ಅಂತ. ಈಗ ಆ ಬಚ್ಚಲನ್ನ ಮಲಗೋ ಕೋಣೆಗೆ ಅಂಟಿಸಿಕೊಂಡಿದೀವಿ. ಅದರ ಪೈಪು ಹೋಗಿ ಸೇರೋದು ಇಡೀ ಊರಿನ ಒಳಚರಂಡಿಗೆ. ನಮ್ಮ ನೀರು ಆ ಕಡೆ ಹೋಗೋ ದಾರಿಯಲ್ಲೇ ಊರಿನ ಗಾಳಿ ಈ ಕಡೆ ಬರಬಹುದು. ಬರದ ಹಾಗೆ ತಡೀತಿರೋದು ಏನು ಗೊತ್ತಾ? ಬಾಗಿಲಲ್ಲ, ಮುಚ್ಚಳ ಅಲ್ಲ. ಎರಡು ಅಂಗುಲ ನೀರು.

ಈ ಪಾರದರ್ಶಕ ಕೊಳವೆ ನೋಡಿ, ಮಧ್ಯ ಬಗ್ಗಿಸಿ ನೀಲಿ ನೀರು ತುಂಬಿದೀನಿ. ಈ ಕಡೆ ಒಂದು ಲೋಟ ಸುರಿದ್ರೆ ಆ ಕಡೆಯಿಂದ ಒಂದು ಲೋಟ ಹೊರಗೆ ಹೋಗುತ್ತೆ, ಆದ್ರೂ ಬಾಗಿನಲ್ಲಿ ನೀರು ನಿಂತೇ ಇರುತ್ತೆ. ಆ ಕಡೆಯಿಂದ ಮೆತ್ತಗೆ ಊದಿದ್ರೆ ಗಾಳಿ ಈಚೆ ಬರಲ್ಲ. ಇಷ್ಟೇ ಟ್ರ್ಯಾಪು. ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಅನ್ನೋ ಗಡಿಯಾರದ ಕೆಲಸದವನು 1775ರಲ್ಲಿ ಕಕ್ಕಸಿಗೆ ಇಂಥ ಬಾಗಿದ ಕೊಳವೆ ಇಟ್ಟು ಪೇಟೆಂಟ್ ತಗೊಂಡ. ಇನ್ನೂರೈವತ್ತು ವರ್ಷ ಆಯ್ತು, ಇದಕ್ಕಿಂತ ಸರಳವಾದ್ದು ಇನ್ನೂ ಬಂದಿಲ್ಲ. ಚಲಿಸೋ ಭಾಗವೇ ಇಲ್ಲ, ಕೆಡೋಕೆ ಏನಿದೆ ಹೇಳಿ.

ಕೆಡಲ್ಲ, ಆದ್ರೆ ಒಣಗುತ್ತೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ವರ್ಷಕ್ಕೆ ಆರು ತಿಂಗಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಮೊಮ್ಮಕ್ಕಳನ್ನ ಆಡಿಸ್ತಿರ್ತಾರೆ. ವಾಪಸು ಬಂದು ಬೀಗ ತೆಗೆದ್ರೆ ಗಬ್ಬು ವಾಸನೆ, ಬಚ್ಚಲ ತುಂಬ ಜಿರಲೆ. ಪೈಪು ಒಡೆದಿದೆ, ನೆಲ ಅಗೀಬೇಕು ಅಂತ ಯಾರೋ ಹೇಳಿ ಒಬ್ಬರು ಎಸ್ಟಿಮೇಟನ್ನೂ ಹಾಕಿಸಿಬಿಟ್ಟಿದ್ರು. ನಾನು ಹೋಗಿ ಪ್ರತಿ ಜಾಲಿಗೂ ಎರಡೆರಡು ಚೊಂಬು ನೀರು ಸುರಿದು ಕಿಟಕಿ ತೆಗೆದೆ. ಸಂಜೆಗೆ ವಾಸನೆ ಇಲ್ಲ. ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಬ್ಯಾಂಕಿನ 31 ವರ್ಷದಲ್ಲಿ ಸಿಕ್ಕಿರಲಿಲ್ಲ. ಊರಿಗೆ ಹೊರಡೋ ದಿನ ಟ್ರ್ಯಾಪಿಗೆ ನೀರು ತುಂಬಿ, ಮೇಲೆ ಎರಡು ಚಮಚ ಕಡ್ಲೆಕಾಯಿ ಎಣ್ಣೆ ಬಿಡಿ. ಎಣ್ಣೆ ತೆಳ್ಳಗೆ ಹರಡಿಕೊಂಡು ನೀರು ಆರೋದನ್ನ ನಿಧಾನ ಮಾಡುತ್ತೆ. ಯಾರೂ ಬಳಸದ ಅತಿಥಿ ಕೋಣೆಯ ಬಚ್ಚಲಿಗೆ ವಾರಕ್ಕೊಂದು ಸಲ ಒಂದು ಬಕೆಟ್ ಸುರಿದ್ರೆ ಸಾಕು.

ಈಗ ಕಟ್ಟಿಕೊಳ್ಳೋ ವಿಷಯ. ಮನೆಯ ಪೈಪನ್ನ ಮರದ ಹಾಗೆ ಅಂದುಕೊಳ್ಳಿ. ಒಂದೊಂದು ಸಿಂಕು, ಬೇಸಿನ್ನು ಒಂದೊಂದು ಕಡ್ಡಿ. ಕಡ್ಡಿಗಳು ಕೊಂಬೆ ಸೇರ್ತವೆ, ಕೊಂಬೆಗಳು ಬುಡ ಸೇರ್ತವೆ. ಬೇಸಿನ್ನಿನಿಂದ ಹೊರಡೋ ಪೈಪು 32 ಮಿಲಿಮೀಟರು, ಅಡುಗೆಮನೆ ಸಿಂಕಿಂದು 40, ನಹಾನಿ ಟ್ರ್ಯಾಪಿಂದು 75, ಕಕ್ಕಸಿಂದು 110. ಸಣ್ಣ ಪೈಪಿನ ಕಸ ಸಣ್ಣ ಪೈಪಲ್ಲೇ ಸಿಕ್ಕಿಕೊಳ್ಳುತ್ತೆ, ದೊಡ್ಡ ಪೈಪಿಗೆ ಬಂದ್ರೆ ಹೊರಟುಹೋಗುತ್ತೆ. ಹಾಗಾಗಿ ಮನೆಯ ತೊಂದರೆ ಬಹುಪಾಲು ನಿಮ್ಮ ಕೈಗೆ ಸಿಗೋ ಒಂದು ಮೊಳದೊಳಗೇ ಇರುತ್ತೆ.

ಒಂದೇ ಬೇಸಿನ್ನು ನಿಧಾನ, ಉಳಿದದ್ದೆಲ್ಲ ಸರಾಗ ಅಂದ್ರೆ ಆ ಬೇಸಿನ್ನಿನ ಟ್ರ್ಯಾಪನ್ನೇ ಅನುಮಾನಿಸಿ. ಬೇಸಿನ್ನಲ್ಲಿ ಮುಖ ತೊಳೆದ್ರೆ ನೆಲದ ಜಾಲಿಯಿಂದ ನೀರು ಉಕ್ಕುತ್ತೆ ಅಂದ್ರೆ? ನಮ್ಮಲ್ಲಿ ಬೇಸಿನ್ ನೀರು, ವಾಷಿಂಗ್ ಮಷಿನ್ ನೀರು ಎರಡನ್ನೂ ನೆಲದ ನಹಾನಿ ಟ್ರ್ಯಾಪಿಗೇ ಬಿಟ್ಟಿರ್ತಾರೆ. ಬೇಸಿನ್ನು ಸರಿ ಇದೆ, ನಹಾನಿ ಟ್ರ್ಯಾಪೋ ಅದರ ಮುಂದಿನ ಪೈಪೋ ಕಟ್ಟಿದೆ. ಮಹಡಿಯಲ್ಲಿ ಸ್ನಾನ ಮಾಡಿದ್ರೆ ಕೆಳಗಿನ ಮನೆ ಬಚ್ಚಲಲ್ಲಿ ಉಕ್ಕುತ್ತೆ ಅಂದ್ರೆ ಬುಡದಲ್ಲಿ, ಇಲ್ಲಾ ಅಂಗಳದ ಚೇಂಬರಿನಲ್ಲಿ, ಅಂದ್ರೆ ಮನೆಯ ಪೈಪುಗಳು ಬಂದು ಸೇರೋ ಮುಚ್ಚಳದ ಗುಂಡಿಯಲ್ಲಿ ಕಟ್ಟಿದೆ. ಕೆಳಗಿನ ಮನೆಯವರು ಎಷ್ಟು ಪಂಪು ಹೊಡೆದ್ರೂ ಪ್ರಯೋಜನ ಇಲ್ಲ. ಮಳೆ ಬಂದಾಗ ಮಾತ್ರ ಉಕ್ಕುತ್ತೆ ಅಂದ್ರೆ ಯಾರೋ ತಾರಸಿ ನೀರಿನ ಪೈಪನ್ನ ಒಳಚರಂಡಿಗೆ ಸೇರಿಸಿದ್ದಾರೆ. ಆ 'ಯಾರೋ' ಎಷ್ಟೋ ಸಲ ನಾವೇ ಆಗಿರ್ತೀವಿ, ಮನೆ ಕಟ್ಟಿದವರನ್ನ ಕೇಳಿ ನೋಡಿ. ಇನ್ನು ಕಕ್ಕಸಿಗೆ ನೀರು ಬಿಟ್ಟಾಗ ಪಕ್ಕದ ಜಾಲಿಯಲ್ಲಿ ಗುಳುಗುಳು ಅಂತ ಸದ್ದು ಬಂದ್ರೆ ಪೈಪಿನೊಳಗೆ ಗಾಳಿಗೆ ದಾರಿ ಇಲ್ಲ ಅಂತ ಅರ್ಥ. ರಭಸವಾಗಿ ಇಳಿಯೋ ನೀರು ಹಿಂದಿನಿಂದ ಗಾಳಿ ಎಳೆಯುತ್ತೆ. ತಾರಸಿ ಮೇಲೆ ತಲೆ ಎತ್ತಿರೋ ಗಾಳಿ ಪೈಪಿನಿಂದ ಅದು ಸಿಗದಿದ್ರೆ, ಟ್ರ್ಯಾಪಿನ ನೀರನ್ನೇ ಹೀರಿಕೊಂಡು ಆ ಮೂಲಕ ಎಳೆಯುತ್ತೆ. ಪೈಪಿನ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿದ್ಯಾ, ಯಾರಾದ್ರೂ ಮುಚ್ಚಳ ಬಡಿದಿದ್ದಾರಾ, ಹತ್ತಿ ನೋಡಿ. ನಾನು ನೋಡಿದ ಒಂದು ಮನೇಲಿ ಚೆಂದ ಕಾಣಲ್ಲ ಅಂತ ಸಿಮೆಂಟು ಮೆತ್ತಿದ್ರು.

ಈ ಓಡಾಟಕ್ಕೆ ಹತ್ತು ನಿಮಿಷ ಹಿಡಿಯುತ್ತೆ. ಆಮೇಲೆ ಕೈ.

ಬಾಟಲ್ ಟ್ರ್ಯಾಪ್ ಬಿಚ್ಚೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಮೊದಲ ಪಾಠ ಇದೇ. ನನ್ನ ಸೊಸೆ ಮದುವೆಯಾಗಿ ಬಂದ ಹೊಸದು. ಬೆಳಗ್ಗೆ ಮುಖ ತೊಳೀವಾಗ ಮೂಗುತಿ ಜಾರಿ ಬೇಸಿನ್ನಿಗೆ ಬಿತ್ತು. ಅವರ ತಾಯಿ ಕೊಟ್ಟ ಒಂದೇ ಹರಳಿನ ಮೂಗುತಿ. "ಅತ್ತೆ, ಹೋಯ್ತು" ಅಂತ ಅಳೋಕೇ ಶುರು ಮಾಡಿದ್ಲು. ನಾನು ನಲ್ಲಿ ನಿಲ್ಲಿಸು, ಇನ್ನೊಂದು ತೊಟ್ಟೂ ಬಿಡಬೇಡ ಅಂದೆ. ಮೇಸ್ತ್ರಿ ಮಾಡೋದನ್ನ ಎರಡು ಸಲ ನೋಡಿದ್ದೆ, ಧೈರ್ಯ ಮಾಡಿ ಕೆಳಗೆ ಬಕೆಟ್ಟಿಟ್ಟು ಕೂತೆ.

ನೋಡಿ, ಈ ಕೆಳಗಿನ ಬಟ್ಟಲು ಇದೆಯಲ್ಲ, ಉಪ್ಪಿನಕಾಯಿ ಭರಣಿ ಮುಚ್ಚಳದ ಹಾಗೆ ತಿರುಪು. ಕೈಯಲ್ಲೇ ಬರಬೇಕು. ಬರದಿದ್ರೆ ಒದ್ದೆ ಬಟ್ಟೆ ಸುತ್ತಿ ಹಿಡಿದು ತಿರುಗಿಸಿ. ಸ್ಪ್ಯಾನರ್ ಹಾಕಬೇಡಿ, ಮೇಲೆ ಕ್ರೋಮಿಯಂ ಹೊಳಪಿದ್ರೂ ಎಷ್ಟೋ ಟ್ರ್ಯಾಪುಗಳ ಒಳಗೆ ಬರೀ ಪ್ಲಾಸ್ಟಿಕ್ಕು, ಬಿರುಕು ಬಿಡುತ್ತೆ. ಇನ್ನೊಂದು ಕೈಯಲ್ಲಿ ಮೇಲಿನ ಭಾಗ ಬಿಗಿಯಾಗಿ ಹಿಡ್ಕೊಂಡಿರಿ, ಇಲ್ಲದಿದ್ರೆ ಬೇಸಿನ್ನಿನ ತೂತಿಗೆ ಕೂರಿಸಿರೋ ಕಪ್ಲಿಂಗೇ ತಿರುಗಿ ಅಲ್ಲಿಂದ ಸೋರೋಕೆ ಶುರುವಾಗುತ್ತೆ. ಬಟ್ಟಲು ಕಳಚಿದ ತಕ್ಷಣ ಅರ್ಧ ಲೋಟ ಕಪ್ಪು ನೀರು ಬೀಳುತ್ತೆ. ಅದರ ಹಿಂದೆ ಬರೋದು ಕೂದಲಿನ ಸಿಂಬೆ. ಟೂತ್‌ಪೇಸ್ಟು, ಶೇವಿಂಗ್ ಸೋಪು, ಉಗುರು, ಎಲ್ಲಾ ಸೇರಿ ಬೂದು ಬಣ್ಣದ ಲೋಳೆ ಆ ಕೂದಲಿಗೆ ಮೆತ್ತಿಕೊಂಡಿರುತ್ತೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಇನ್ನೂ ಗಟ್ಟಿ, ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತೆ. ನಾನು ಆ ಲೋಳೆಯನ್ನ ಬೆರಳಲ್ಲಿ ಹಿಸುಕಿ ನೋಡ್ತಾ ಹೋದೆ. ಬಟ್ಟಲಿನ ತಳದಲ್ಲಿ ಕಡ್ಲೆಬೇಳೆಗಿಂತ ಚಿಕ್ಕದೊಂದು ಗಟ್ಟಿ ಸಿಕ್ತು. ತೊಳೆದ್ರೆ ಹರಳು ಮಿಣುಕ್ ಅಂತು.

ಆ ಖುಷಿಯಲ್ಲಿ ಬಕೆಟ್ಟಿನ ಕಪ್ಪು ನೀರನ್ನ ಎತ್ತಿ ಎಲ್ಲಿಗೆ ಸುರಿದೆ ಅಂದ್ಕೊಂಡ್ರಿ? ಅದೇ ಬೇಸಿನ್ನಿಗೆ. ಟ್ರ್ಯಾಪು ನನ್ನ ಎಡಗೈಯಲ್ಲಿದೆ, ನೀರು ನೇರ ನನ್ನ ಕಾಲ ಮೇಲೆ. ಸೊಸೆ ಅಳು ಬಿಟ್ಟು ನಗೋಕೆ ಶುರು ಮಾಡಿದ್ಲು. ನಗಬೇಡಿ, ಮೊದಲ ಸಲ ಎಲ್ಲರೂ ಇದನ್ನೇ ಮಾಡ್ತಾರೆ, ನೀವೂ ಮಾಡ್ತೀರಿ.

ವಾಪಸು ಹಾಕುವಾಗ ಕಪ್ಪು ರಬ್ಬರ್ ವಾಷರನ್ನ ಮರೀಬೇಡಿ. ಲೋಳೆಯ ಜೊತೆ ಕಸದ ಬುಟ್ಟಿಗೆ ಹೋಗೋದು ಅದೇ. ಇಲ್ಲಿ ಸೋರದ ಹಾಗೆ ತಡೆಯೋದು ವಾಷರು, ತಿರುಪಲ್ಲ, ಹಾಗಾಗಿ ಬಿಳಿ ಟೇಪು ಸುತ್ತೋದು ದಂಡ. ವಾಷರ್ ಚಪ್ಪಟೆಯಾಗಿ ಕೂತಿದೆಯಾ ನೋಡಿ, ಕೈಯಲ್ಲಿ ಬಿಗಿ ಮಾಡಿ. ಕೆಳಗೆ ಒಣಗಿದ ಪೇಪರ್ ಹಾಸಿ, ಬೇಸಿನ್ ತುಂಬ ನೀರು ತುಂಬಿ ಒಂದೇ ಸಲ ಬಿಡಿ. ಪೇಪರಿನ ಮೇಲೆ ಹನಿ ಬಿದ್ದಿದ್ರೆ ಗುರುತು ಗೊತ್ತಾಗುತ್ತೆ.

ಅಡುಗೆಮನೆ ಸಿಂಕಿನ ಕಥೆ ಬೇರೆ. ಅಲ್ಲಿ ಕೂದಲಿಲ್ಲ, ಜಿಡ್ಡು. ಹಬ್ಬ ಆದ ಮರುದಿನ ಸಿಂಕು ಕಟ್ಟಿಕೊಳ್ಳುತ್ತೆ, ಗಮನಿಸಿದ್ದೀರಾ? ಒಬ್ಬಟ್ಟಿನ ಕಣಕಕ್ಕೆ ಹಾಕಿದ ಎಣ್ಣೆ, ಕರಿದ ಬಾಣಲೆ, ತುಪ್ಪದ ಗಿಂಡಿ, ಎಲ್ಲಾ ಒಂದೇ ದಿನ ಇಳಿದಿರುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತೆ. ಮಂಗಳೂರಿನ ಸೆಖೆಯಲ್ಲಿ ಹರಿದುಹೋಗೋದು ಡಿಸೆಂಬರಿನಲ್ಲಿ ನಮ್ಮ ಪೈಪಿನ ಗೋಡೆಗೆ ಮೇಣದ ಹಾಗೆ ಹತ್ತುತ್ತೆ. ಬಿಸಿನೀರು ಸುರಿದ್ರೆ ಕರಗಲ್ವಾ ಅಂತೀರಿ. ಕರಗುತ್ತೆ, ಕರಗಿ ನಾಲ್ಕು ಅಡಿ ಮುಂದೆ ಹೋಗಿ, ಅಲ್ಲಿ ತಣ್ಣಗಾಗಿ, ನಿಮ್ಮ ಕೈಗೆ ಸಿಗದ ಜಾಗದಲ್ಲಿ ಕೂರುತ್ತೆ. ಬಸಿದ ಗಂಜಿಯನ್ನ ಕುದಿಕುದಿಯೋ ಹಾಗೇ ಸಿಂಕಿಗೆ ಸುರಿಯೋದಂತೂ ಎರಡು ಥರದ ತಪ್ಪು. ಗಂಜಿ ಆರಿದ್ರೆ ಅಂಟು. ಪಿವಿಸಿ ಪೈಪು 80 ಡಿಗ್ರಿ ಹತ್ತಿರಕ್ಕೆ ಮೆತ್ತಗಾಗೋ ಸಾಮಾನು, ಒಂದು ಸಲಕ್ಕೆ ಏನೂ ಆಗದಿರಬಹುದು, ದಿನಾ ಸುರಿದ್ರೆ ಜೋತುಬೀಳುತ್ತೆ. ಜೋತುಬಿದ್ದ ಜಾಗದಲ್ಲಿ ನೀರು ನಿಲ್ಲುತ್ತೆ, ನಿಂತ ಕಡೆ ಜಿಡ್ಡು ಕೂರುತ್ತೆ. ಬಿಸಿನೀರು ಬೇಕೇಬೇಕಂದ್ರೆ ಬೆರಳು ಅದ್ದಿ ತಕ್ಷಣ ತೆಗೀಬಹುದಾದಷ್ಟು ಬಿಸಿ ಸಾಕು.

ಜೊತೆಗೆ ಕಾಫಿಪುಡಿ ಚರಟ, ಹುಣಿಸೆ ನಾರು, ಪಾತ್ರೆ ಉಜ್ಜೋ ತೆಂಗಿನ ನಾರು. ಜಿಡ್ಡು ಗಾರೆ ಆದ್ರೆ ಇವೆಲ್ಲ ಅದಕ್ಕೆ ಹಾಕೋ ಕಲ್ಲು, ಕಬ್ಬಿಣ. ಬಾಣಲೆ ತೊಳೆಯೋಕೆ ಮುಂಚೆ ಹಳೇ ಪೇಪರಲ್ಲಿ ಒರೆಸಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಯಾರೂ ಕೇಳಲ್ಲ. ಬಾಳೆಲೆಯಲ್ಲಿ ಊಟ ಮಾಡಿ ಎತ್ತಿ ಬಿಸಾಕ್ತಿದ್ದ ಕಾಲದಲ್ಲಿ ಈ ಸಮಸ್ಯೆಯ ಅರ್ಧ ಇರಲಿಲ್ಲ.

ಸಿಂಕಿನ ಕೆಳಗೆ ಬಗ್ಗಿ ನೋಡಿ. ಬಹಳ ಮನೆಗಳಲ್ಲಿ ಅಕಾರ್ಡಿಯನ್ ಥರ ಮಡಿಕೆ ಮಡಿಕೆಯ ಬಿಳಿ ಪೈಪು ಇರುತ್ತೆ. ಅಗ್ಗ, ಯಾವ ಕಡೆಗಾದ್ರೂ ಬಗ್ಗುತ್ತೆ, ಅದಕ್ಕೇ ಹಾಕಿರ್ತಾರೆ. ಆದ್ರೆ ಪ್ರತಿ ಮಡಿಕೆಯೂ ಜಿಡ್ಡಿಗೆ ಒಂದೊಂದು ಅಟ್ಟ. ಇನ್ನೂ ಕೆಟ್ಟದ್ದು, ಅದನ್ನ ಬಾಗಿಸದೆ ನೇರ ನೆಲದ ತೂತಿಗೆ ಇಳಿಬಿಟ್ಟಿರ್ತಾರೆ. ಕೆಳಗೆ ಟ್ರ್ಯಾಪೂ ಇಲ್ಲದಿದ್ರೆ ಅಲ್ಲಿ ನೀರಿನ ತಡೆಯೇ ಇಲ್ಲ, ಪೈಪಿನ ಸುತ್ತ ಬೇರೆ ಒಂದು ಬೆರಳು ಸಂದು. ರಾತ್ರಿ ದೀಪ ಹಾಕಿದ್ರೆ ಓಡೋ ಜಿರಲೆಗಳ ಹೆದ್ದಾರಿ ಅದೇ. ಇದನ್ನ ತೆಗೆದು ಒಳಗೆ ನುಣುಪಾಗಿರೋ ಗಟ್ಟಿ ಪೈಪು, ಬಿಚ್ಚೋಕೆ ಬರೋ ಟ್ರ್ಯಾಪು ಹಾಕಿ, ಸಂದಿಗೆ ರಬ್ಬರ್ ಬಳೆ ಕೂರಿಸಿ. ಸ್ವಂತ ಕೈಯಲ್ಲಿ ಒಂದು ಮಧ್ಯಾಹ್ನದ ಕೆಲಸ.

ರಬ್ಬರ್ ಪಂಪಿಗೆ ಬರೋಣ. ಎಲ್ಲರ ಮನೇಲೂ ಇದೆ, ಸರಿಯಾಗಿ ಬಳಸೋರು ಕಮ್ಮಿ. ಖಾಲಿ ಸಿಂಕಿನಲ್ಲಿ ಇಟ್ಟು ಪಚ ಪಚ ಅಂತ ಒತ್ತಿದ್ರೆ ಒತ್ತಿಹೋಗೋದು ಗಾಳಿ. ಗಾಳಿ ಕುಗ್ಗುತ್ತೆ, ಒತ್ತಡ ಕಸದವರೆಗೆ ಮುಟ್ಟಲ್ಲ. ನೀರು ಕುಗ್ಗಲ್ಲ. ಆದ್ದರಿಂದ ಪಂಪಿನ ಬಟ್ಟಲು ಮುಳುಗೋಷ್ಟು ನೀರು ನಿಲ್ಲಿಸಿ, ಬಟ್ಟಲನ್ನ ಓರೆಯಾಗಿ ಇಳಿಸಿ ಒಳಗಿನ ಗಾಳಿ ಬಿಟ್ಟು ಕೂರಿಸಿ. ಬೇಸಿನ್ನಿನ ಮೇಲುಗಡೆ ಒಂದು ಪುಟ್ಟ ತೂತಿದೆಯಲ್ಲ, ತುಂಬಿ ಚೆಲ್ಲದಿರಲಿ ಅಂತ ಇಟ್ಟದ್ದು, ಅದಕ್ಕೆ ಒದ್ದೆ ಬಟ್ಟೆ ಗಿಡಿಯಿರಿ. ಜೋಡಿ ಸಿಂಕಾದ್ರೆ ಪಕ್ಕದ್ದನ್ನೂ ಮುಚ್ಚಿ. ಇಲ್ಲದಿದ್ರೆ ನಿಮ್ಮ ಒತ್ತಡವೆಲ್ಲ ಅಲ್ಲಿಂದ ಕಾರಂಜಿಯಾಗಿ ಮುಖಕ್ಕೆ ಬರುತ್ತೆ. ಆಮೇಲೆ ನಿಧಾನಕ್ಕೆ ಒತ್ತಿ, ಜೋರಾಗಿ ಎಳೀರಿ. ಕೆಲಸ ಮಾಡೋದು ಹೆಚ್ಚಾಗಿ ಎಳೆತ, ಒತ್ತೋದಲ್ಲ. ಒತ್ತಿದ್ರೆ ಕಸ ಇನ್ನೂ ಬಿಗಿಯಾಗುತ್ತೆ, ಎಳೆದ್ರೆ ಸಡಿಲ ಆಗುತ್ತೆ. ಇಪ್ಪತ್ತು ಸಲ. ಬಿಡುವಾಗ ಬರೋ ಆ ಒಂದು ಸದ್ದು ಇದೆಯಲ್ಲ, ಸಿಂಕು ದೊಡ್ಡದಾಗಿ ತೇಗಿದ ಹಾಗೆ, ಅದನ್ನ ಕೇಳಿದವರಿಗೇ ಗೊತ್ತು.

ಬಚ್ಚಲಿನ ಜಾಲಿಯ ಕೂದಲಿಗೆ ಪಂಪಿಗಿಂತ ಈ ಮುಳ್ಳಿನ ಪ್ಲಾಸ್ಟಿಕ್ ಪಟ್ಟಿ ಒಳ್ಳೇದು, ಮೀನಿನ ಮುಳ್ಳಿನ ಹಾಗೆ ಹಿಂದಕ್ಕೆ ಬಾಗಿರುತ್ತೆ. ಇಳಿಸಿ ಮೇಲಕ್ಕೆ ಎಳೆದ್ರೆ ಸೀಗೆಪುಡಿ ಮೆತ್ತಿದ ಕೂದಲು ಹಗ್ಗದ ಹಾಗೆ ಬರುತ್ತೆ. ಅದಕ್ಕೂ ಮುಂದೆ ಕಟ್ಟಿದ್ರೆ ಸ್ಪ್ರಿಂಗು. ಸ್ಪ್ರಿಂಗನ್ನ ತಳ್ಳಬಾರದು, ತಿರುಗಿಸ್ತಾ ಬಿಡಬೇಕು, ಬಾಗಿನ ಹತ್ರ ತಡೆದ್ರೆ ಬಲ ಹಾಕದೆ ತಿರುಗಿಸ್ತಾನೇ ಇರಬೇಕು. ಕಡ್ಡಿಪೊರಕೆಯ ಕಡ್ಡಿ ಮಾತ್ರ ಹಾಕಬೇಡಿ ತಾಯಂದಿರೇ. ಒಳಗೆ ಮುರಿದು ಅಡ್ಡ ಕೂತ್ರೆ ಅದೇ ಒಂದು ಬಲೆ, ಮುಂದೆ ಬರೋ ಕೂದಲೆಲ್ಲ ಅದಕ್ಕೇ.

ಈಗ ಅಂಗಡಿಯ ಪುಡಿ. ಈ ಮಣಿಕಟ್ಟು ನೋಡಿ, ಈ ಕಲೆ ಅದರದ್ದೇ. ಒಂದು ದೀಪಾವಳಿಗೆ ಸಿಂಕು ಪೂರ್ತಿ ಕಟ್ಟಿತ್ತು. ಮೇಸ್ತ್ರಿ ಊರಿಗೆ ಹೋಗಿದ್ರು. ನಾನು ಪ್ಯಾಕೆಟ್ ಪುಡಿ ಸುರಿದೆ. ಅದರಲ್ಲಿರೋದು ಮುಖ್ಯವಾಗಿ ಕಾಸ್ಟಿಕ್ ಸೋಡಾ. ನೀರು ಸೇರಿದ್ರೆ ತಾನೇ ಕಾಯುತ್ತೆ, ಜಿಡ್ಡನ್ನ ಸೋಪು ಮಾಡುತ್ತೆ. ಸೋಪು ಕಾರ್ಖಾನೆಯಲ್ಲಿ ನಡೆಯೋದೂ ಇದೇ. ನೀರು ಸ್ವಲ್ಪವಾದ್ರೂ ಹರೀತಿದ್ರೆ ಇದು ಉಪಯೋಗಕ್ಕೆ ಬರಬಹುದು. ಪೂರ್ತಿ ಕಟ್ಟಿದ್ರೆ ಕಸದ ಮೇಲೇ ಕುದೀತಾ ನಿಲ್ಲುತ್ತೆ, ನೀರು ಸಾಲದಿದ್ರೆ ಪುಡಿಯೇ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಕಾದೆ, ಇಳೀಲಿಲ್ಲ, ತಾಳ್ಮೆ ಕೆಟ್ಟು ಪಂಪು ಹೊಡೆದೆ. ಸಿಡಿದ ನೀರು ಮಣಿಕಟ್ಟಿಗೆ ಬಿತ್ತು. ಮೊದಲು ಉರೀಲಿಲ್ಲ, ಸೋಪು ಬಿದ್ದ ಹಾಗೆ ಜಾರು ಜಾರು ಅನ್ನಿಸಿತು. ಆ ಜಾರು ನನ್ನ ಚರ್ಮದ್ದೇ ಅಂತ ಹೊಳೀಲಿಲ್ಲ. ಕಣ್ಣಿಗೆ ಬಿದ್ದಿದ್ರೆ ಇವತ್ತು ಇಲ್ಲಿ ನಿಂತಿರ್ತಿರಲಿಲ್ಲ. ಬಿದ್ದ ತಕ್ಷಣ ಹರಿಯೋ ನಲ್ಲಿ ನೀರಿನ ಕೆಳಗೆ ಕಮ್ಮಿ ಅಂದ್ರೆ ಇಪ್ಪತ್ತು ನಿಮಿಷ ಹಿಡೀಬೇಕು. ನಿಂಬೆಹಣ್ಣು, ವಿನಿಗರ್ ಅಂತ ಮನೆಮದ್ದು ಹಚ್ಚೋಕೆ ಹೋಗಬಾರದು. ಕಣ್ಣಾದ್ರೆ ತೊಳೆದು ನೇರ ಆಸ್ಪತ್ರೆಗೆ.

ಮೇಸ್ತ್ರಿ ಊರಿಂದ ಬಂದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಏನಾದ್ರೂ ಸುರಿದ್ರಾ ಮೇಡಂ?" ಸುಳ್ಳು ಹೇಳೋಣ ಅನ್ನಿಸಿತ್ತು. ಹೇಳಿದ್ರೆ ಆ ಪೈಪು ಬಿಚ್ಚೋದು ಅವರ ಬರಿಗೈ. ನೀವು ಏನೇ ಸುರಿದಿರಲಿ, ಬರೋರಿಗೆ ಮೊದಲು ಅದನ್ನ ಹೇಳಿಬಿಡಿ.

ಆಸಿಡ್ ಬಗ್ಗೆ ಒಂದೇ ಮಾತು. ಕಕ್ಕಸು ತೊಳೆಯೋ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತೆ. ಇನ್ನು ಮೊಬೈಲಿನಲ್ಲಿ ಬರೋ ಅಡುಗೆ ಸೋಡಾ, ವಿನಿಗರ್ ನೊರೆ ನೋಡೋಕೆ ಚೆಂದ. ಎರಡೂ ಸೇರಿ ಒಂದನ್ನೊಂದು ಮುಗಿಸಿಕೊಂಡು ಉಳಿಯೋದು ಹೆಚ್ಚುಕಮ್ಮಿ ಉಪ್ಪುನೀರಿನಂಥದ್ದು. ವಾಸನೆಗೆ ಸ್ವಲ್ಪ ಆದೀತು, ಜಿಡ್ಡಿನ ಬಿರಡೆಗೆ ಏನೂ ಇಲ್ಲ. ಮಕ್ಕಳಿಗೆ ಜ್ವಾಲಾಮುಖಿ ಮಾಡಿ ತೋರಿಸಿ.

ಅಂಗಳದ ಚೇಂಬರಿನ ಮುಚ್ಚಳ ಎತ್ತಿ ನೋಡೋದು ನಿಮ್ಮ ಕೆಲಸವೇ. ಎತ್ತಿ, ಸ್ವಲ್ಪ ಹೊತ್ತು ದೂರ ನಿಂತು, ಮನೆಯ ಕಡೆಯ ಬಾಯಲ್ಲಿ ನೀರು ನಿಂತಿದೆಯೋ, ರಸ್ತೆಯ ಕಡೆಯ ಬಾಯಲ್ಲೋ ನೋಡಿ. ಚೇಂಬರ್ ಖಾಲಿ ಇದ್ರೆ ತೊಂದರೆ ಮನೆಯೊಳಗೆ. ತುಂಬಿ ನಿಂತಿದ್ರೆ ಅದರ ಮುಂದೆ, ಅಂದ್ರೆ ರಸ್ತೆ ಕಡೆ. ಮೊಣಕಾಲೆತ್ತರದ ಚೇಂಬರಿಗೆ ಮೇಲಿನಿಂದಲೇ ಉದ್ದ ಬಿದಿರ ದಬ್ಬೆ ಹಾಕಿ ಆಡಿಸಬಹುದು. ಅದಕ್ಕಿಂತ ಆಳ ಇದ್ರೆ, ಸೆಪ್ಟಿಕ್ ಟ್ಯಾಂಕಾದ್ರೆ, ರಸ್ತೆಯ ಮ್ಯಾನ್‌ಹೋಲಾದ್ರೆ ನಿಲ್ಲಿ.

ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ನಾವು ನಿಲ್ಲೋದು ಸರಿ, ಆದ್ರೆ ನಾವು ನಿಂತು ಇನ್ನೊಬ್ಬರನ್ನ ಇಳಿಸ್ತೀವಿ. ಐನೂರು ಕೊಡ್ತೀನಿ, ಒಂದು ನಿಮಿಷದ ಕೆಲಸ ಅಂತ. ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಇದ್ದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯಲ್ಲ, ವಾಸನೆ ಹೋಯ್ತು ಅಂದುಕೊಂಡವರು ಅಲ್ಲೇ ಕುಸೀತಾರೆ. ಎತ್ತೋಕೆ ಇಳಿದವರೂ ಅಷ್ಟೇ. ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನ 1970ರ ದಶಕದಲ್ಲೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧ ಮಾಡಿಸಿದ್ರು. 2013ರ ಕೇಂದ್ರ ಕಾನೂನಿನ ಪ್ರಕಾರ ರಕ್ಷಣೆಯಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸಿದ್ರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದು ಪಾಲಿಕೆಗೆ ಮಾತ್ರ ಅಲ್ಲ, ಮನೆ ಯಜಮಾನರಿಗೂ ಅನ್ವಯ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾವು ನಿಂತಿದ್ರೆ ಏರಿಸೋ ಅಗತ್ಯ ಬರ್ತಿರಲಿಲ್ಲ. ಇಂಥ ಕೆಲಸಕ್ಕೆ ಕರೀಬೇಕಾದ್ದು ನಮ್ಮಲ್ಲಾದ್ರೆ ಪಾಲಿಕೆಯ ಒಳಚರಂಡಿ ವಿಭಾಗ, ಬೆಂಗಳೂರಲ್ಲಿ ನೆಂಟರಿದ್ರೆ ಜಲಮಂಡಳಿಯ 1916. ಕೊಳಚೆ ಹೀರಿಕೊಳ್ಳೋ, ನೀರು ಚಿಮ್ಮಿಸೋ ಯಂತ್ರದ ಲಾರಿ ಬರುತ್ತೆ. ಎರಡು ದಿನ ತಡ ಆಗಬಹುದು. ಆಗಲಿ.

ಇನ್ನು ಪ್ರಶ್ನೆ ಕೇಳಿ.

(ವಾಷಿಂಗ್ ಮಷಿನ್ ನೀರು ಬಿಟ್ಟಾಗಲೆಲ್ಲ ಬಚ್ಚಲು ತುಂಬುತ್ತದೆ ಎಂದು ಒಬ್ಬರು ಕೇಳಿದರು.)

ಮಷಿನ್ ಪೈಪನ್ನ ಜಾಲಿಯೊಳಗೆ ಆಳಕ್ಕೆ ತುರುಕಿದೀರಾ ನೋಡಿ. ಗಾಳಿಗೆ ಜಾಗ ಇಲ್ಲದ ಹಾಗೆ ಬಿರಡೆ ಆಗಿರುತ್ತೆ. ಮೇಲಕ್ಕೆ ಎಳೆದು ಸಡಿಲ ಬಿಡಿ, ಪೈಪಿನ ಬಾಯಿಗೆ ಹಳೇ ನೈಲಾನ್ ಕಾಲುಚೀಲ ಕಟ್ಟಿ. ಬಟ್ಟೆಯ ಹಿಂಜು ಅದರಲ್ಲಿ ನಿಲ್ಲುತ್ತೆ. ವಾರಕ್ಕೊಂದು ಸಲ ಕೊಡವಬೇಕು, ಮರೆತ್ರೆ ಕಾಲುಚೀಲವೇ ಬಿರಡೆ.

(ಅಪಾರ್ಟ್‌ಮೆಂಟಿನಲ್ಲಿರುವ ಒಬ್ಬ ಹಿರಿಯರು, ಮೇಲಿನ ಮನೆಯ ನೀರು ತಮ್ಮ ಬಚ್ಚಲಿನ ಸೂರಿನಿಂದ ತೊಟ್ಟಿಕ್ಕುತ್ತದೆ, ಅವರು ಒಪ್ಪುತ್ತಿಲ್ಲ, ಒಂದು ವರ್ಷದಿಂದ ಮಾತು ಬಿಟ್ಟಿದ್ದೇವೆ ಎಂದರು.)

ಅದಕ್ಕೇ ರಾಯರೇ ಈ ನೀಲಿ ತಂದಿರೋದು. ಯಾವಾಗ ತೊಟ್ಟಿಕ್ಕುತ್ತೆ ಅಂತ ಮೂರು ದಿನ ಬರೆದಿಡಿ. ಹಗಲು ರಾತ್ರಿ ಒಂದೇ ಸಮ ತೊಟ್ಟಿಕ್ಕಿದ್ರೆ ಅದು ಬಚ್ಚಲಿನ ಪೈಪಲ್ಲ, ಒತ್ತಡದಲ್ಲಿರೋ ನಲ್ಲಿಯ ಪೈಪು. ಅವರು ಸ್ನಾನ ಮಾಡಿದ ಮೇಲೆ ಮಾತ್ರ ಆದ್ರೆ ಪೈಪೋ, ನೆಲದ ಹೆಂಚಿನ ಸಂದೋ. ಅದನ್ನ ಬೇರೆ ಮಾಡೋಕೆ ಎರಡು ಸಲ ನೋಡಬೇಕು. ಮೊದಲ ದಿನ ಅವರ ಬಚ್ಚಲಿನ ನೆಲ ಒದ್ದೆ ಮಾಡದೆ, ಒಂದು ಬಕೆಟ್ ನೀರಿಗೆ ನೀಲಿ ಬೆರೆಸಿ ಕೊಳವೆ ಇಟ್ಟು ನೇರ ಜಾಲಿಯೊಳಕ್ಕೆ ಬಿಡಿ. ನಿಮ್ಮ ಸೂರಿನಲ್ಲಿ ನೀಲಿ ಕಂಡ್ರೆ ಟ್ರ್ಯಾಪೋ ಅದರ ಕೀಲೋ ಬಿಟ್ಟಿದೆ. ಸಿಮೆಂಟಿನೊಳಗಿಂದ ಇಳಿಯೋಕೆ ಒಂದೆರಡು ದಿನ ಹಿಡಿಯಬಹುದು, ಕಾಯಿರಿ. ಕಾಣದಿದ್ರೆ ಜಾಲಿಗೆ ಬಟ್ಟೆ ಗಿಡಿದು, ನೆಲದ ಮೇಲೆ ಒಂದು ಅಂಗುಲ ನೀರು ಇಡೀ ರಾತ್ರಿ ನಿಲ್ಲಿಸಿ. ಆಗ ತೊಟ್ಟಿಕ್ಕಿದ್ರೆ ಹೆಚ್ಚಾಗಿ ಹೆಂಚಿನ ಸಂದು, ಅದಕ್ಕೆ ಎಷ್ಟೋ ಸಲ ಸಂದು ತುಂಬೋ ಗ್ರೌಟು ಸಾಕಾಗುತ್ತೆ, ನೆಲ ಅಗೆಯೋ ಮೊದಲು ಅದನ್ನ ಮಾಡಿ ನೋಡಿ.

(ಅದಕ್ಕೆ ಅವರ ಮನೆಯೊಳಕ್ಕೇ ಹೋಗಬೇಕಲ್ಲಮ್ಮ ಎಂದರು ಹಿರಿಯರು.)

ಹೌದು, ಹೋಗಬೇಕು. ನೀಲಿ ಬಾಟಲಿ ಚೀಲದಲ್ಲೇ ಇರಲಿ, ಮೊದಲು ಕಾಫಿ ಕುಡೀರಿ. ಬೇಕಿದ್ರೆ ನಾನೂ ಬರ್ತೀನಿ, ಬುಧವಾರ ಆದ್ರೆ ಒಳ್ಳೇದು.